ಹಳೆಯ ಬೇಸ್‌ಬಾಲ್ ಆಟಗಾರರ ಫ್ಯಾಂಟಸಿ ಲೀಗ್: ತಂಡ ಕಟ್ಟುವ ನಿಯಮ ಬರೆಯುವುದು ಹೇಗೆ

1998ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಶೇನ್ ಸ್ಪೆನ್ಸರ್ ಎಂಬ ಹೊಸ ಆಟಗಾರ ಬಂದರು. ಆ ವರ್ಷ ಅವರು ಆಡಿದ್ದು ಬರೀ 27 ಪಂದ್ಯ. ಹೊಡೆದದ್ದು 10 ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ, ಕ್ರಿಕೆಟ್ಟಿನ ಸಿಕ್ಸರ್ ಥರ), ಬ್ಯಾಟಿಂಗ್ ಸರಾಸರಿ 0.373, ಅಂದರೆ ನೂರು ಯತ್ನಕ್ಕೆ ಸುಮಾರು 37 ಯಶಸ್ವಿ ಹೊಡೆತ. ಈಗ ಈ ಲೆಕ್ಕವನ್ನು 162 ಪಂದ್ಯಗಳ ಪೂರ್ತಿ ಸೀಸನ್ನಿಗೆ ಹಿಗ್ಗಿಸಿ ನೋಡಿ. ಸರಿಯಾಗಿ 60 ಹೋಮ್ ರನ್. 1927ರಲ್ಲಿ ಬೇಬ್ ರೂತ್ ಹೊಡೆದಷ್ಟೇ.

ನಮ್ಮದು ಹನ್ನೆರಡು ತಂಡದ ಗೆಳೆಯರ ಲೀಗು, ಹಳೆಯ ಆಟಗಾರರನ್ನು ಸುತ್ತು ಸುತ್ತಾಗಿ ಸರದಿಯಂತೆ ಆರಿಸಿಕೊಳ್ಳುತ್ತೇವೆ, ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಮೊದಲ ವರ್ಷ ಒಬ್ಬರು ಸ್ಪೆನ್ಸರ್ ಅವರನ್ನು ಕೊನೆಯ ಸುತ್ತಿನಲ್ಲಿ ಎತ್ತಿಕೊಂಡರು. ಎಲ್ಲರೂ ಮೊದಲ ಸುತ್ತಿನಲ್ಲಿ ರೂತ್, ಬಾಂಡ್ಸ್, ಮೇಸ್ ಅಂತ ದೊಡ್ಡ ಹೆಸರು ಹುಡುಕುತ್ತಿದ್ದಾಗ ಅವರು ಇಂಥ ಸಣ್ಣ ಸೀಸನ್ನುಗಳ ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದರು. ನಿಯಮ ಎಲ್ಲೂ ಮುರಿದಿರಲಿಲ್ಲ. ಆದರೆ ಮೂರನೇ ವಾರಕ್ಕೆ ಉಳಿದವರಿಗೆ ಆಟದ ಮೇಲಿನ ಆಸೆಯೇ ಹೋಯಿತು. ತಪ್ಪು ಅವರದಲ್ಲ, ನಿಯಮ ಬರೆದ ನನ್ನದು. ಅಂದಿನಿಂದ ಪ್ರತಿ ವರ್ಷ ನಿಯಮದ ಹಾಳೆಯನ್ನು ತಿದ್ದುತ್ತಾ ಬಂದಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮಾಮೂಲಿ ಫ್ಯಾಂಟಸಿ ಆಟ ನಿಮಗೆ ಗೊತ್ತು. ನಾಳೆ ಆಡುವ ಆಟಗಾರರನ್ನು ಇವತ್ತು ಆರಿಸುತ್ತೀರಿ, ಅವರು ಹೇಗೆ ಆಡುತ್ತಾರೋ ಅದೇ ನಿಮ್ಮ ಅಂಕ. ಚರಿತ್ರೆಯ ಲೀಗಿನಲ್ಲಿ ಹಾಗಿಲ್ಲ. ಆಟಗಾರ ಏನು ಮಾಡಿದರು ಅನ್ನೋದು ಪುಸ್ತಕದಲ್ಲಿ ಆಗಲೇ ಅಚ್ಚಾಗಿದೆ. 1968ರ ಬಾಬ್ ಗಿಬ್ಸನ್ ಎಂಬ ಪಿಚರ್ (ಚೆಂಡು ಎಸೆಯುವವರು) ಚೆನ್ನಾಗಿ ಆಡುತ್ತಾರಾ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಾಗಾಗಿ ಇಲ್ಲಿ ಆಟವೆಲ್ಲ ಇರುವುದು ತಂಡ ಕಟ್ಟುವುದರಲ್ಲೇ. ತಂಡ ಕಟ್ಟುವ ನಿಯಮ ಸಡಿಲವಾದರೆ ಆಡುವುದಕ್ಕೆ ಬೇರೇನೂ ಉಳಿಯುವುದಿಲ್ಲ.

ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ

ಮೊದಲನೆಯದು, ಅಂಕ ಹೇಗೆ ಬರುತ್ತದೆ? ಎರಡು ದಾರಿ ಇವೆ. ಒಂದು, ಆಟಗಾರರ ನಿಜವಾದ ಅಂಕಿಅಂಶವನ್ನೇ ಕೂಡಿಸುವುದು. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರು ಮಾಡಿದ ರೋಟಿಸರಿ ಲೀಗಿನ ದಾರಿ ಇದು. ಹೋಮ್ ರನ್ ಎಷ್ಟು, ಕದ್ದ ಬೇಸ್ (ಯಾರೂ ಹೊಡೆಯದೆಯೇ ಓಡಿ ತಲುಪಿದ ಮುಂದಿನ ಬೇಸ್) ಎಷ್ಟು, ಪಿಚರ್ ಗೆಲುವು ಎಷ್ಟು ಅಂತ ಕಾಲಂ ಮಾಡಿ ಸ್ಥಾನ ಕೊಡುವುದು. ಇನ್ನೊಂದು, ಆಟವನ್ನು ಮತ್ತೆ ಆಡಿಸುವುದು. 1951ರ ಎಪಿಬಿಎ, 1961ರ ಸ್ಟ್ರಾಟ್-ಒ-ಮ್ಯಾಟಿಕ್ ದಾಳ ಮತ್ತು ಕಾರ್ಡಿನಿಂದ ಇದನ್ನೇ ಮಾಡಿದವು. ಈಗ ಔಟ್ ಆಫ್ ದ ಪಾರ್ಕ್, ಡೈಮಂಡ್ ಮೈಂಡ್ ಥರದ ಕಂಪ್ಯೂಟರ್ ಆಟಗಳು ಒಂದು ಸೀಸನ್ನನ್ನು ಕೆಲವು ನಿಮಿಷದಲ್ಲಿ ಆಡಿ ಮುಗಿಸುತ್ತವೆ.

ಯಾವ ದಾರಿ ಅನ್ನೋದರ ಮೇಲೆ ಆಟಗಾರನ ಬೆಲೆಯೇ ಬದಲಾಗುತ್ತದೆ. 2004ರ ಬ್ಯಾರಿ ಬಾಂಡ್ಸ್ ಅವರನ್ನು ನೋಡಿ. ಎದುರಾಳಿಗಳು ಅವರಿಗೆ ಹೆದರಿ 232 ಸಲ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟರು. ಅದರಲ್ಲಿ 120 ಬೇಕಂತಲೇ ಕೊಟ್ಟದ್ದು. ಹಾಗಾಗಿ ಹೋಮ್ ರನ್ 45ಕ್ಕೆ ನಿಂತಿತು. ಹೋಮ್ ರನ್ ಕಾಲಂ ಮಾತ್ರ ನೋಡುವ ಲೀಗಿನಲ್ಲಿ ಅದು ಒಳ್ಳೆಯ ಸೀಸನ್, ಅಷ್ಟೆ. ಆಟವನ್ನು ಮತ್ತೆ ಆಡಿಸುವ ಲೀಗಿನಲ್ಲಿ ಅದರ ಬೆಲೆಯೇ ಬೇರೆ, ಯಾಕೆಂದರೆ 100 ಸಲ ಬ್ಯಾಟಿಂಗಿಗೆ ಬಂದರೆ 60 ಸಲ ಔಟಾಗದೆ ಬೇಸ್ ತಲುಪಿದ ವರ್ಷ ಅದು. ಈ ಲೇಖನದ ಉಳಿದ ಭಾಗ ಮತ್ತೆ ಆಡಿಸುವ ಲೀಗನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು. ನನಗೆ ಅದರಲ್ಲೇ ಖುಷಿ ಜಾಸ್ತಿ.

ಎರಡನೇ ಪ್ರಶ್ನೆ, ಆಟಗಾರ ಅಂದರೆ ಯಾರು? ಪೂರ್ತಿ ವೃತ್ತಿಜೀವನವೋ, ಒಂದೇ ಒಂದು ಸೀಸನ್ನೋ? ಸ್ಯಾಂಡಿ ಕೋಫ್ಯಾಕ್ಸ್ ಮೊದಲ ಆರು ವರ್ಷ ಸಾಧಾರಣ ಪಿಚರ್. 1962ರಿಂದ 1966ರವರೆಗೆ ಅವರನ್ನು ಮುಟ್ಟುವವರಿರಲಿಲ್ಲ. 1966ರಲ್ಲಿ 27 ಗೆದ್ದು 9 ಸೋತು, ಮೊಣಕೈ ನೋವಿನಿಂದ 30ನೇ ವಯಸ್ಸಿಗೇ ಆಟ ಬಿಟ್ಟರು. ಪೂರ್ತಿ ವೃತ್ತಿಜೀವನ ತೆಗೆದುಕೊಂಡರೆ ಅವರ ಬೆಲೆ ಇಳಿಯುತ್ತದೆ, 1966 ಒಂದನ್ನೇ ತೆಗೆದುಕೊಂಡರೆ ಮೊದಲ ಸುತ್ತಿಗೇ ಹೋಗುತ್ತಾರೆ. ಹೊಸಬರಿಗೆ ಒಂದು ಸೀಸನ್ ಅನ್ನೋದೇ ಸುಲಭ. ಲೆಕ್ಕ ಚಿಕ್ಕದು, ಕಥೆ ದೊಡ್ಡದು.

ಯಾವ ವರ್ಷದಿಂದ ಯಾವ ವರ್ಷದವರೆಗೆ

ಬಹಳ ಜನ ಇಲ್ಲಿ "ಎಲ್ಲಾ ವರ್ಷವೂ ಇರಲಿ" ಅಂದುಬಿಡುತ್ತಾರೆ. ನಾನೂ ಹಾಗೇ ಅಂದಿದ್ದೆ. ಆದರೆ 1884ರ ಬೇಸ್‌ಬಾಲ್ ಬೇರೆಯೇ ಆಟ. ಆ ವರ್ಷ ಚಾರ್ಲ್ಸ್ ರ‍್ಯಾಡ್‌ಬೋರ್ನ್ ಎಂಬ ಪಿಚರ್ 678 ಇನಿಂಗ್ಸಿಗೂ ಹೆಚ್ಚು ಎಸೆದರು. ಒಂದು ತಂಡಕ್ಕೆ 162 ಪಂದ್ಯ, ಪಂದ್ಯಕ್ಕೆ 9 ಇನಿಂಗ್ಸ್ ಅಂದರೆ ವರ್ಷಕ್ಕೆ 1,458 ಇನಿಂಗ್ಸ್ ಬೇಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಒಬ್ಬರೇ ಮುಗಿಸುತ್ತಾರೆ!

ಗಡಿ ಎಳೆಯಲು ಒಳ್ಳೆಯ ಜಾಗಗಳು ಚರಿತ್ರೆಯಲ್ಲೇ ಇವೆ. 1893ರಲ್ಲಿ ಪಿಚರ್ ನಿಲ್ಲುವ ದೂರ ಇವತ್ತಿನ 60 ಅಡಿ 6 ಅಂಗುಲಕ್ಕೆ ಬಂತು. 1901ರಲ್ಲಿ ಅಮೆರಿಕನ್ ಲೀಗ್ ಕೂಡ ಹಳೆಯ ನ್ಯಾಷನಲ್ ಲೀಗಿನಂತೆ ಮೇಜರ್ ಲೀಗ್, ಅಂದರೆ ಅತಿ ಮೇಲಿನ ಮಟ್ಟದ ಲೀಗ್, ಆಯಿತು. 1920ರಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು. ಚೆಂಡಿಗೆ ಎಂಜಲು ಹಚ್ಚಿ ಎಸೆಯುವುದನ್ನು ನಿಷೇಧಿಸಿದರು. ಬೇಬ್ ರೂತ್ ಒಬ್ಬರೇ 54 ಹೋಮ್ ರನ್ ಹೊಡೆದು ಆಟದ ದಿಕ್ಕನ್ನೇ ಬದಲಿಸಿದರು. ಕಪ್ಪು ಆಟಗಾರರ ನೀಗ್ರೋ ನ್ಯಾಷನಲ್ ಲೀಗ್ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿತು.

ಹೊಸದಾಗಿ ಲೀಗ್ ಶುರು ಮಾಡುವವರಿಗೆ ನನ್ನ ಸಲಹೆ ಇದು: 1920ರಿಂದ 2019. ಸರಿಯಾಗಿ 100 ಸೀಸನ್. 60 ಪಂದ್ಯಕ್ಕೇ ಮುಗಿದ ಕೋವಿಡ್ ವರ್ಷ 2020 ತಾನಾಗಿ ಹೊರಗೆ ಉಳಿಯುತ್ತದೆ. ಹೋನಸ್ ವ್ಯಾಗ್ನರ್, ಟೈ ಕಾಬ್ ಅವರ ದೊಡ್ಡ ವರ್ಷಗಳು ಕೈತಪ್ಪುತ್ತವೆ, ಅದು ಬೇಜಾರೇ. ಆದರೆ ಒಂದೆರಡು ವರ್ಷ ಆಡಿ, ನಿಮ್ಮವರಿಗೆ ನಿಯಮ ರೂಢಿಯಾದ ಮೇಲೆ 1901ಕ್ಕೆ ಹಿಗ್ಗಿಸಬಹುದು. ಆರನ್ ಜಡ್ಜ್, ಶೊಹೇ ಒಟಾನಿ ಅವರ ಇತ್ತೀಚಿನ ದೊಡ್ಡ ವರ್ಷಗಳು ಬೇಕೇ ಬೇಕು ಅಂತ ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಅವರಿಗಾಗಿ 2021ರಿಂದ ಮುಂದಕ್ಕೂ ಬಾಗಿಲು ತೆರೆಯಿರಿ, 2020ನ್ನು ಮಾತ್ರ ಬಿಡಿ.

ಇನ್ನೊಂದು ಮಾತು. ಹಳೆಯ ದಾಖಲೆಯಲ್ಲಿ ತೂತುಗಳಿವೆ. ಬೇಸ್ ಕದಿಯಲು ಹೋಗಿ ಸಿಕ್ಕಿಬಿದ್ದದ್ದನ್ನು 1951ಕ್ಕೆ ಮುಂಚೆ ನ್ಯಾಷನಲ್ ಲೀಗಿನಲ್ಲಿ ಎಷ್ಟೋ ವರ್ಷ ಬರೆದೇ ಇಟ್ಟಿಲ್ಲ. ಸೇವ್ (ಗೆಲ್ಲುತ್ತಿರುವ ಪಂದ್ಯವನ್ನು ಕೊನೆಗೆ ಬಂದು ಕಾಪಾಡಿದ ಪಿಚರಿಗೆ ಸಿಗುವ ಅಂಕಿ) ಅನ್ನೋದು ಅಧಿಕೃತ ಲೆಕ್ಕವಾದದ್ದು 1969ರಲ್ಲಿ. ನಿಮ್ಮ ಯಾವ ನಿಯಮವೂ ಇಂಥ ಅರೆಬರೆ ಕಾಲಂ ಮೇಲೆ ನಿಲ್ಲಬಾರದು.

ಕಾಲಕಾಲದ ವ್ಯತ್ಯಾಸವನ್ನು ಸಮ ಮಾಡಿ

1930ರಲ್ಲಿ ನ್ಯಾಷನಲ್ ಲೀಗಿನ ಎಲ್ಲಾ ಬ್ಯಾಟರುಗಳ ಒಟ್ಟು ಸರಾಸರಿಯೇ 0.303. 1968ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಚಾಂಪಿಯನ್ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಅವರ ಸರಾಸರಿ 0.301. ಅಂದರೆ 1968ರ ಚಾಂಪಿಯನ್ 1930ರಲ್ಲಿ ಬರೀ ಸಾಧಾರಣ ಆಟಗಾರ! ಸಮ ಮಾಡದೆ ಬಿಟ್ಟರೆ ಎಲ್ಲರೂ ಬ್ಯಾಟರುಗಳನ್ನು 1930ರಿಂದಲೋ 2000ದ ಆಸುಪಾಸಿನಿಂದಲೋ, ಪಿಚರುಗಳನ್ನು 1968ರಿಂದಲೋ ತರುತ್ತಾರೆ. ಹನ್ನೆರಡು ತಂಡವೂ ಒಂದೇ ಥರ ಕಾಣುತ್ತವೆ.

ಸಮ ಮಾಡುವುದು ಕಷ್ಟವಲ್ಲ. ಆಟಗಾರನ ಅಂಕವನ್ನು ಅವರ ಕಾಲದ ಲೀಗ್ ಸರಾಸರಿಯಿಂದ ಭಾಗಿಸಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫೀಲ್ಡರುಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಪಿಚರ್ 9 ಇನಿಂಗ್ಸಿಗೆ ಸರಾಸರಿ ಎಷ್ಟು ರನ್ ಕೊಟ್ಟರು ಅನ್ನುವ ಲೆಕ್ಕವೇ ಇಆರ್‌ಎ. 1968ರಲ್ಲಿ ಬಾಬ್ ಗಿಬ್ಸನ್ ಅವರದು 1.12, ಆಗ ಅವರ ಲೀಗಿನದು ಸುಮಾರು 3. 2000ದಲ್ಲಿ ಪೆಡ್ರೊ ಮಾರ್ಟಿನೆಜ್ ಅವರದು 1.74, ಅವರ ಲೀಗಿನದು ಸುಮಾರು 4.9. ಮೇಲ್ನೋಟಕ್ಕೆ ಗಿಬ್ಸನ್ ಬಹಳ ಮುಂದೆ. ಭಾಗಿಸಿ ನೋಡಿ. ಬೇರೆಯವರು 100 ರನ್ ಕೊಡುವಲ್ಲಿ ಗಿಬ್ಸನ್ 37 ಕೊಟ್ಟರು, ಪೆಡ್ರೊ 36ಕ್ಕೂ ಕಡಿಮೆ. ಪೆಡ್ರೊ ಕೂದಲೆಳೆಯಷ್ಟು ಮುಂದೆ.

ಗಿಬ್ಸನ್ ಅವರ ಆ ದೊಡ್ಡ ವರ್ಷದ ಬೆನ್ನಿಗೇ, 1969ರಲ್ಲಿ ಪಿಚರ್ ನಿಲ್ಲುವ ದಿಬ್ಬವನ್ನು 15 ಅಂಗುಲದಿಂದ 10 ಅಂಗುಲಕ್ಕೆ ತಗ್ಗಿಸಿದರು. 1968ರಲ್ಲಿ ಗಿಬ್ಸನ್ ಮಾತ್ರವಲ್ಲ, ಎಲ್ಲಾ ಪಿಚರುಗಳೂ ಮೆರೆದದ್ದು ಅದಕ್ಕೆ ಕಾರಣ. ಇಂಥದ್ದನ್ನು ಓದಿದಾಗಲೇ ಈ ಆಟದ ರುಚಿ ಹತ್ತುವುದು.

ಮೈದಾನದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಡೆನ್ವರ್ ಎತ್ತರದ ಊರು, ಅಲ್ಲಿ ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಅಲ್ಲಿನ ಕೂರ್ಸ್ ಫೀಲ್ಡ್ ತೆರೆದ 1995ರಲ್ಲಿ ಡಾಂಟೆ ಬಿಶೆಟ್ 40 ಹೋಮ್ ರನ್ ಹೊಡೆದರು, ಅದರಲ್ಲಿ 31 ಮನೆಯ ಮೈದಾನದಲ್ಲಿ. ಹಾಗಂತ ಡೆನ್ವರಿನವರನ್ನೆಲ್ಲ ಅನುಮಾನದಿಂದ ನೋಡಬೇಡಿ. 1997ರಲ್ಲಿ ಅದೇ ತಂಡದ ಲ್ಯಾರಿ ವಾಕರ್ ಅವರ 49ರಲ್ಲಿ 29 ಬಂದದ್ದು ಹೊರಗಿನ ಊರುಗಳಲ್ಲಿ. ಒಳ್ಳೆಯ ಕಂಪ್ಯೂಟರ್ ಆಟಗಳಲ್ಲಿ ಕಾಲ, ಮೈದಾನ ಎರಡನ್ನೂ ಸಮ ಮಾಡುವ ಗುಂಡಿ ಇರುತ್ತದೆ. ಅದನ್ನು ಒತ್ತಿದ್ದೀರಾ ಅಂತ ಡ್ರಾಫ್ಟಿಗೆ ಮುಂಚೆಯೇ ಎಲ್ಲರಿಗೂ ತಿಳಿಸಿ.

ಎಷ್ಟು ಆಡಿದರೋ ಅಷ್ಟೇ

ನನ್ನ ಪ್ರಕಾರ ಇಡೀ ನಿಯಮದ ಹಾಳೆಯಲ್ಲಿ ಅತಿ ಮುಖ್ಯವಾದದ್ದು ಇದು. ಇದೊಂದು ಸರಿ ಇದ್ದರೆ ಬೇರೆ ನಾಲ್ಕು ನಿಯಮ ಸಡಿಲವಿದ್ದರೂ ಲೀಗ್ ನಡೆಯುತ್ತದೆ.

ಸ್ಪೆನ್ಸರ್ ಕಥೆ ಹೇಳಿದೆ. ಅಂಥವರು ಬೇಕಾದಷ್ಟಿದ್ದಾರೆ. 1957ರಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡಕ್ಕೆ ಬಾಬ್ ಹೇಜಲ್ ಬಂದರು. 41 ಪಂದ್ಯ, ಸರಾಸರಿ 0.403. ಜನ ಅವರನ್ನು ಚಂಡಮಾರುತ ಅಂತ ಕರೆದರು. ಇಂಥ ಬಿಸಿಯಾದ ಕೆಲವು ವಾರಗಳನ್ನು ಇಡೀ ವರ್ಷಕ್ಕೆ ಎಳೆಯಲು ಬಿಡಬಾರದು. ಹಾಗಂತ ಹೇಜಲ್ ಅವರನ್ನು ಹೊರಗೆ ಹಾಕುವುದೂ ಬೇಡ. ಬೆಂಚಿನಲ್ಲಿ ಕೂತು, ಬೇಕಾದಾಗ ಬಂದು, 41 ಪಂದ್ಯದಷ್ಟು ಆಡಿ ಹೋಗಲಿ. ಆಗ ಅವರು ಎಷ್ಟು ಚೆಂದದ ಆಯ್ಕೆ ಗೊತ್ತಾ?

ನಿಯಮವನ್ನು ಎರಡು ಭಾಗ ಮಾಡಿ. ಒಂದು, ಮೇಲಿನ ಮಿತಿ: ಯಾವ ಆಟಗಾರನೂ ಆ ಸೀಸನ್ನಿನಲ್ಲಿ ನಿಜವಾಗಿ ಆಡಿದ್ದಕ್ಕಿಂತ ಶೇಕಡಾ 10ಕ್ಕಿಂತ ಜಾಸ್ತಿ ಆಡುವಂತಿಲ್ಲ. ಬ್ಯಾಟರಿಗೆ ಬ್ಯಾಟಿಂಗ್ ಸರದಿಯ ಲೆಕ್ಕ, ಪಿಚರಿಗೆ ಇನಿಂಗ್ಸ್ ಲೆಕ್ಕ. ಇನ್ನೊಂದು, ತಂಡದ ಒಟ್ಟು ಅಗತ್ಯ: ನಿಮ್ಮ ಬ್ಯಾಟರುಗಳ ಸರದಿ ಕೂಡಿಸಿದರೆ ಕನಿಷ್ಠ 6,200 ಬರಬೇಕು, ಪಿಚರುಗಳ ಇನಿಂಗ್ಸ್ ಕೂಡಿಸಿದರೆ ಕನಿಷ್ಠ 1,450. ಪಂದ್ಯಕ್ಕೆ ತಂಡವೊಂದು ಸುಮಾರು 38 ಸಲ ಬ್ಯಾಟಿಂಗಿಗೆ ಬರುತ್ತದೆ. 38ನ್ನು 162ರಿಂದ ಗುಣಿಸಿದರೆ 6,156. ಅದನ್ನೇ ಸ್ವಲ್ಪ ಮೇಲಕ್ಕೆ ಎತ್ತಿದ್ದು.

ಇದರಿಂದ ಆಗುವ ಮಜಾ ನೋಡಿ. ಪೆಡ್ರೊ 2000ದಲ್ಲಿ ಎಸೆದದ್ದು 217 ಇನಿಂಗ್ಸ್. ಗಿಬ್ಸನ್ 1968ರಲ್ಲಿ 304ಕ್ಕೂ ಮೇಲೆ. ಒಂದೊಂದು ಇನಿಂಗ್ಸಿನ ಗುಣದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ ಅಂತ ಈಗ ತಾನೇ ನೋಡಿದೆವು. ಆದರೆ ಪೆಡ್ರೊ ಅವರನ್ನು ತಂದವರು ಉಳಿದ 87 ಇನಿಂಗ್ಸನ್ನು ಇನ್ನೊಬ್ಬರಿಂದ ತುಂಬಿಸಬೇಕು. ಆ ಇನ್ನೊಬ್ಬರು ಪೆಡ್ರೊ ಆಗಿರುವುದಿಲ್ಲ. ಡ್ರಾಫ್ಟಿನಲ್ಲಿ ಇಬ್ಬರಲ್ಲಿ ಯಾರು ಮೊದಲು ಅಂತ ನಮ್ಮವರು ಇವತ್ತಿಗೂ ವಾದ ಮಾಡುತ್ತಾರೆ. ಹೀಗೆ ವಾದ ಹುಟ್ಟಿಸುವ ನಿಯಮವೇ ಒಳ್ಳೆಯ ನಿಯಮ ಅಂತ ನಾನು ನಂಬಿದ್ದೇನೆ.

1901ರಿಂದ ಶುರು ಮಾಡುವವರು ಇಲ್ಲಿ ಒಂದು ಬೇಲಿ ಹಾಕಲೇಬೇಕು. 1908ರ ಎಡ್ ವಾಲ್ಷ್ 464 ಇನಿಂಗ್ಸ್, 1904ರ ಜ್ಯಾಕ್ ಚೆಸ್ಬ್ರೋ 454, 1908ರ ಕ್ರಿಸ್ಟಿ ಮ್ಯಾಥ್ಯೂಸನ್ 390. ಮೂವರೇ ಸೇರಿ 1,300 ದಾಟಿಬಿಡುತ್ತಾರೆ. ಇಡೀ ವರ್ಷದ ಪಿಚಿಂಗ್ ಹೆಚ್ಚುಕಡಿಮೆ ಮುಗಿಯಿತು! ಆಗ ಚೆಂಡು ಅಷ್ಟು ದೂರ ಹಾರುತ್ತಿರಲಿಲ್ಲ, ಹೋಮ್ ರನ್ ಭಯ ಇರಲಿಲ್ಲ, ಹಾಗಾಗಿ ಪಿಚರುಗಳು ಪ್ರತಿ ಎಸೆತಕ್ಕೂ ಪೂರ್ತಿ ಜೋರು ಹಾಕಬೇಕಿರಲಿಲ್ಲ. ಅದಕ್ಕೇ ಅಷ್ಟು ಎಸೆಯಲು ಆಗುತ್ತಿತ್ತು. ಬೇಲಿ ಸುಲಭ: ಯಾರೇ ಆಗಲಿ, ಎಷ್ಟೇ ಎಸೆದಿರಲಿ, ನಮ್ಮ ಲೀಗಿನಲ್ಲಿ 280 ಇನಿಂಗ್ಸಿಗಿಂತ ಜಾಸ್ತಿ ಲೆಕ್ಕಕ್ಕಿಲ್ಲ. ಆಗ ಗಿಬ್ಸನ್ ಅವರದೂ 280ಕ್ಕೆ ಇಳಿಯುತ್ತದೆ. ಅದು ನ್ಯಾಯವೇ.

ಕೊನೆಗೆ ಬಂದು ಒಂದು ಇನಿಂಗ್ಸ್ ಎಸೆಯುವ ಪಿಚರುಗಳಿಗೂ ಒಂದು ಸಾಲು ಬೇಕು. 1990ರ ಡೆನಿಸ್ ಎಕರ್ಸ್ಲಿ 73 ಇನಿಂಗ್ಸಿನಲ್ಲಿ ಬರೀ 4 ವಾಕ್ ಕೊಟ್ಟರು, ಇಆರ್‌ಎ 0.61. ಅವರನ್ನು ಪಂದ್ಯದ ಮೊದಲಿಗೇ ಇಳಿಸಿ ಐದು ಇನಿಂಗ್ಸ್ ಎಸೆಸುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಆ ಸೀಸನ್ನಿನಲ್ಲಿ ಕನಿಷ್ಠ 10 ಪಂದ್ಯ ಶುರು ಮಾಡಿಲ್ಲದವರು ನಮ್ಮಲ್ಲೂ ಶುರು ಮಾಡುವಂತಿಲ್ಲ ಅಂತ ಬರೆದುಬಿಡಿ.

ಜಾಶ್ ಗಿಬ್ಸನ್ ಅವರಿಗೆ ಜಾಗ ಮಾಡಿ

ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ಜಾಶ್ ಗಿಬ್ಸನ್ (ಮೇಲಿನ ಬಾಬ್ ಅಲ್ಲ) ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು. ಕಪ್ಪು ಬಣ್ಣದವರೆಂಬ ಒಂದೇ ಕಾರಣಕ್ಕೆ ಅವರಿಗೆ ಮೇಜರ್ ಲೀಗಿನ ಬಾಗಿಲು ತೆರೆಯಲಿಲ್ಲ. 1947ರ ಜನವರಿ 20ರಂದು, 35ನೇ ವಯಸ್ಸಿಗೆ ತೀರಿಕೊಂಡರು. ಅದೇ ವರ್ಷ ಏಪ್ರಿಲ್ 15ರಂದು, ಆ ಬಾಗಿಲನ್ನು ತೆರೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಮೈದಾನಕ್ಕಿಳಿದರು. ಮಧ್ಯೆ ಮೂರು ತಿಂಗಳೂ ಇಲ್ಲ.

2020ರ ಕೊನೆಯಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಮೇಜರ್ ಲೀಗ್ ಎಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಿನಲ್ಲಿ ಅವರ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಗಿಬ್ಸನ್ ಅವರ 0.372 ಈಗ ಎಲ್ಲರಿಗಿಂತ ಮೇಲಿನ ವೃತ್ತಿಜೀವನದ ಸರಾಸರಿ, ಟೈ ಕಾಬ್ ಅವರ 0.367ಕ್ಕಿಂತ ಜಾಸ್ತಿ. 1943ರಲ್ಲಿ ಅವರ ಸರಾಸರಿ 0.466.

ನಿಯಮ ಬರೆಯುವವರಿಗೆ ಇಲ್ಲೊಂದು ನಿಜವಾದ ತೊಡಕಿದೆ. ಆ ಲೀಗುಗಳ ಸೀಸನ್ ಚಿಕ್ಕದು. ಲೀಗಿನ ಲೆಕ್ಕಕ್ಕೆ ಬಾರದ ಪಂದ್ಯಗಳನ್ನು ಊರೂರು ತಿರುಗಿ ಆಡುತ್ತಿದ್ದರು, ಅವು ದಾಖಲೆಗೆ ಬಂದಿಲ್ಲ. ಖಾಯಂ ಆಟಗಾರರಿಗೆ "ಕನಿಷ್ಠ 400 ಸರದಿ" ಅಂತ ನೀವು ಕಣ್ಣುಮುಚ್ಚಿ ಬರೆದರೆ ಗಿಬ್ಸನ್, ಆಸ್ಕರ್ ಚಾರ್ಲ್ಸ್‌ಟನ್ ಎಲ್ಲರೂ ಮತ್ತೊಮ್ಮೆ ಬಾಗಿಲ ಹೊರಗೆ ನಿಲ್ಲುತ್ತಾರೆ.

ಹಾಗಾಗಿ ಕನಿಷ್ಠವನ್ನು ಸಂಖ್ಯೆಯಲ್ಲಿ ಬರೆಯಬೇಡಿ, ಪ್ರಮಾಣದಲ್ಲಿ ಬರೆಯಿರಿ. ಬ್ಯಾಟಿಂಗ್ ಚಾಂಪಿಯನ್ ಆಗಲು ಮೇಜರ್ ಲೀಗಿನಲ್ಲಿ ಒಂದು ಲೆಕ್ಕವಿದೆ: ತಂಡ ಆಡಿದ ಪ್ರತಿ ಪಂದ್ಯಕ್ಕೆ 3.1 ಸರದಿ. 162 ಪಂದ್ಯಕ್ಕೆ ಅದು 502 ಆಗುತ್ತದೆ, 154 ಪಂದ್ಯದ ಹಳೆಯ ಸೀಸನ್ನಿಗೆ 477, 70 ಪಂದ್ಯಕ್ಕೆ 217. ಅದನ್ನೇ ಎತ್ತಿಕೊಳ್ಳಿ. ಮುಷ್ಕರದಿಂದ ಮೊಟಕಾದ 1981 ಮತ್ತು 1994ಕ್ಕೂ ಇದೇ ಸಾಲು ಸಾಕು. ಈ ಕನಿಷ್ಠ ದಾಟಿದ ನೀಗ್ರೋ ಲೀಗ್ ಸೀಸನ್ನನ್ನು ಮಾತ್ರ, ಶೇಕಡಾ 10ರ ಮಿತಿಗೆ ಹೊರತಾಗಿ, 154 ಪಂದ್ಯದ ಗಾತ್ರಕ್ಕೆ ಹಿಗ್ಗಿಸಲು ಬಿಡಿ. ಆದರೆ ಗಾತ್ರ ಹಿಗ್ಗಿದರೆ ಬೆಲೆಯೂ ಅಷ್ಟೇ ಹಿಗ್ಗಬೇಕು. ಇಲ್ಲದಿದ್ದರೆ ಗಿಬ್ಸನ್ ಚಿಲ್ಲರೆ ಬೆಲೆಗೆ ಸಿಗುತ್ತಾರೆ. ಅದು ಅವರಿಗೆ ಮಾಡುವ ಗೌರವವೂ ಅಲ್ಲ.

"ಹಾಗಾದ್ರೆ 2020 ಯಾಕೆ ಬೇಡ, ಅದೂ ಚಿಕ್ಕದೇ ಅಲ್ವಾ?" ಅಂತ ನಮ್ಮಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 2020ರಲ್ಲಿ ಆಡಿದ ದೊಡ್ಡ ಆಟಗಾರರಿಗೆ ಆರಿಸಲು ಬೇರೆ ಪೂರ್ತಿ ಸೀಸನ್ನುಗಳಿವೆ. ಜಾಶ್ ಗಿಬ್ಸನ್ ಅವರಿಗೆ ಇಲ್ಲ, ಅದನ್ನು ಅವರಿಂದ ಕಿತ್ತುಕೊಂಡಿದ್ದರು. ಈ ವ್ಯತ್ಯಾಸವನ್ನು ನಿಯಮದ ಹಾಳೆಯಲ್ಲಿ ಕಾರಣ ಸಮೇತ ಬರೆದಿಟ್ಟಿದ್ದೇನೆ.

ಯಾರು ಎಲ್ಲಿ ನಿಲ್ಲಬಹುದು

25 ಜನರ ತಂಡ ಇಟ್ಟುಕೊಳ್ಳಿ: 14 ಬ್ಯಾಟರುಗಳು, 11 ಪಿಚರುಗಳು. ಕ್ಯಾಚರ್ ಕನಿಷ್ಠ ಇಬ್ಬರು. ಮೊಣಕಾಲು ಬಗ್ಗಿಸಿ ಕೂರುವ ಕೆಲಸ, ಯಾವ ಕ್ಯಾಚರೂ ವರ್ಷವಿಡೀ ಕೂರುವುದಿಲ್ಲ. ಒಳ್ಳೆ ಬ್ಯಾಟಿಂಗ್ ಇರುವ ಕ್ಯಾಚರುಗಳು ಚರಿತ್ರೆಯಲ್ಲೇ ಕಡಿಮೆ. ಹನ್ನೆರಡು ತಂಡಕ್ಕೆ 24 ಜನ ಬೇಕು ಅಂದಾಗ 1970ರ ಜಾನಿ ಬೆಂಚ್, 1997ರ ಮೈಕ್ ಪಿಯಾಜಾ ಯಾಕೆ ಬೇಗ ಹೋಗುತ್ತಾರೆ ಅಂತ ಅರ್ಥವಾಗುತ್ತದೆ.

ಯಾವ ಜಾಗಕ್ಕೆ ಅರ್ಹ ಅನ್ನೋದನ್ನು ಆ ಸೀಸನ್ನಿನಲ್ಲಿ ಅಲ್ಲಿ ಆಡಿದ 20 ಪಂದ್ಯದಿಂದ ನಿರ್ಧರಿಸಿ. ಎರ್ನಿ ಬ್ಯಾಂಕ್ಸ್ ಒಟ್ಟಾರೆ ಫಸ್ಟ್ ಬೇಸಿನಲ್ಲೇ ಜಾಸ್ತಿ ಪಂದ್ಯ ಆಡಿದವರು. ಆದರೆ 47 ಹೋಮ್ ರನ್ ಹೊಡೆದ 1958ರಲ್ಲಿ ಅವರು ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಆ ಕಷ್ಟದ ಜಾಗದಲ್ಲಿ ಅಷ್ಟು ಹೊಡೆಯುವವರು ಅಪರೂಪ, ಅವರ ಬೆಲೆಯೆಲ್ಲ ಅದರಲ್ಲೇ ಇದೆ.

ಎರಡೂ ಕೆಲಸ ಮಾಡುವವರ ಬಗ್ಗೆ ಮೊದಲೇ ಬರೆದಿಡಿ. 1919ರ ರೂತ್ 29 ಹೋಮ್ ರನ್ ಹೊಡೆದು, ಪಿಚರ್ ಆಗಿ 9 ಪಂದ್ಯ ಗೆದ್ದರು. 2021ರ ಒಟಾನಿ 46 ಹೋಮ್ ರನ್, 9 ಗೆಲುವು. ನಮ್ಮಲ್ಲಿ ಇಂಥವರು ಪಟ್ಟಿಯಲ್ಲಿ ಒಂದೇ ಜಾಗ ತಿನ್ನುತ್ತಾರೆ, ಬೆಲೆ ಮಾತ್ರ ಎರಡೂ ಕೆಲಸದ್ದು ಸೇರಿಸಿ. ಉಳಿದ ಆ ಒಂದು ಜಾಗವೇ ಅವರ ವಿಶೇಷಕ್ಕೆ ಸಿಗುವ ಬಹುಮಾನ.

ಬೆಲೆ ಕಟ್ಟುವುದು

ಸ್ನೇಕ್ ಡ್ರಾಫ್ಟ್ ಮಾಡಿದರೆ ಬೆಲೆ ಬೇಕಿಲ್ಲ. ಮೊದಲ ಸುತ್ತು 1ರಿಂದ 12, ಎರಡನೆಯದು 12ರಿಂದ 1, ಹೀಗೆ ಹಾವಿನಂತೆ ಹೋಗುತ್ತದೆ. ಹರಾಜು ಮಾಡಿದರೂ ಬೆಲೆಯನ್ನು ಜನವೇ ಕಟ್ಟುತ್ತಾರೆ. ಐಪಿಎಲ್ ಹರಾಜು ನೋಡಿದವರಿಗೆ ಅದು ಹೊಸದಲ್ಲ. ರೋಟಿಸರಿ ಲೀಗಿನ ಪದ್ಧತಿಯಲ್ಲಿ 23 ಆಟಗಾರರಿಗೆ 260 ಡಾಲರ್. ಆದರೆ ಹರಾಜಿಗೆ ಎಲ್ಲರೂ ನಾಲ್ಕೈದು ಗಂಟೆ ಒಟ್ಟಿಗೆ ಕೂರಬೇಕು. ನಮ್ಮಲ್ಲಿ ಕೆಲವರು ನ್ಯೂಜೆರ್ಸಿಯಲ್ಲಿ, ಕೆಲವರು ಬೆಂಗಳೂರಿನಲ್ಲಿ. ಒಬ್ಬರಿಗೆ ರಾತ್ರಿ, ಇನ್ನೊಬ್ಬರಿಗೆ ಆಫೀಸಿನ ಹೊತ್ತು. ಹಾಗಾಗಿ ನಾವು ನಿಧಾನದ ಸ್ನೇಕ್ ಡ್ರಾಫ್ಟ್ ಮತ್ತು ಬೆಲೆ ಮಿತಿ ಎರಡನ್ನೂ ಸೇರಿಸಿದ್ದೇವೆ. ಒಂದು ಆಯ್ಕೆಗೆ ಎಂಟು ಗಂಟೆ ಸಮಯ.

ಬೆಲೆಗೆ ವಾರ್ ಎಂಬ ಅಂಕವನ್ನು ಆಧಾರ ಮಾಡಿಕೊಳ್ಳಿ. ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವರು ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ತಂದರು ಅನ್ನೋದೇ ವಾರ್. ಅದರಲ್ಲಿ ಕಾಲ, ಮೈದಾನ, ಆಡಿದ ಪ್ರಮಾಣ ಎಲ್ಲ ಸೇರಿರುತ್ತದೆ. ಬೇಸ್‌ಬಾಲ್-ರೆಫರೆನ್ಸ್ ತಾಣದಲ್ಲಿ ಪ್ರತಿ ಆಟಗಾರನ ಪ್ರತಿ ಸೀಸನ್ನಿಗೂ ಸಿಗುತ್ತದೆ.

ವಾರ್ ಅನ್ನೇ ನೇರ ಬೆಲೆ ಮಾಡಿದರೆ ಒಂದು ಎಡವಟ್ಟು. 14 ವಾರ್ ಇರುವ ಒಬ್ಬರೂ 7 ವಾರ್ ಇರುವ ಇಬ್ಬರೂ ಒಂದೇ ಬೆಲೆಗೆ ಸಿಗುತ್ತಾರೆ. ಆದರೆ ಇಬ್ಬರು ಎರಡು ಜಾಗ ತಿನ್ನುತ್ತಾರೆ, ಒಬ್ಬರು ಒಂದೇ. ಎಲ್ಲರೂ ದೊಡ್ಡ ಹೆಸರಿಗೇ ಬೀಳುತ್ತಾರೆ. ಹಾಗಾಗಿ ಬೆಲೆ ಮೇಲಕ್ಕೆ ಹೋದಂತೆ ಕಡಿದಾಗಬೇಕು. ನಾನು ಬಳಸುವ ಸೂತ್ರ: ವಾರ್ ಅನ್ನು ಅದರದೇ ವರ್ಗಮೂಲದಿಂದ ಗುಣಿಸಿ. 4 ವಾರ್ ಇದ್ದರೆ 4ಕ್ಕೆ 2 ಗುಣಿಸಿ 8. 9 ಇದ್ದರೆ 27. 7ಕ್ಕೆ 18.5. 1923ರ ರೂತ್ ಅವರದು 14ರ ಆಸುಪಾಸು, ಅಂದರೆ 52. 7ರ ಇಬ್ಬರು 37ಕ್ಕೆ ಬಂದರು, 14ರ ಒಬ್ಬರಿಗೆ 52 ತೆರಬೇಕು.

ತಂಡಕ್ಕೆ 200 ಅಂಕ ಕೊಡಿ. 25 ಜನರಿಗೆ ಹಂಚಿದರೆ ತಲೆಗೆ 8, ಅಂದರೆ ಎಲ್ಲರೂ 4 ವಾರ್ ಇರುವ ಸಮತೂಕದ ತಂಡ. ರೂತ್ ಅವರನ್ನು ತಂದರೆ ಉಳಿಯುವುದು 148. 24 ಜನರಿಗೆ ತಲೆಗೆ 6 ಚಿಲ್ಲರೆ, ಸುಮಾರು 3.4 ವಾರ್. ಕೂಡಿಸಿದರೆ ರೂತ್ ತಂಡ 95ರ ಹತ್ತಿರ, ಸಮತೂಕದ ತಂಡ 100. ಹಾಗಾದರೆ ರೂತ್ ನಷ್ಟವೇ? ಇಲ್ಲ. 25 ಜನರೂ ಒಂದೇ ಸಮ ಆಡುವುದಿಲ್ಲವಲ್ಲ. ಬೆಂಚಿನ ಐದಾರು ಜನಕ್ಕೆ ಅಗ್ಗದವರನ್ನು ಹಾಕಿ, ಉಳಿಸಿದ ಅಂಕವನ್ನು ಮೈದಾನದಲ್ಲಿರುವವರ ಮೇಲೆ ಸುರಿಯಬಹುದು. ಆದರೆ ಬೆಂಚನ್ನು ತೀರಾ ಖಾಲಿ ಮಾಡಿದರೆ 6,200 ಸರದಿ ತುಂಬುವುದಿಲ್ಲ. ಎರಡೂ ಕಡೆಯಿಂದ ಎಳೆತ ಇರುವುದು ಇಲ್ಲೇ. ನಿಮ್ಮ ಲೀಗಿನಲ್ಲಿ ಎಲ್ಲರೂ ದೊಡ್ಡ ಹೆಸರನ್ನೇ ತರುತ್ತಿದ್ದರೆ 200ನ್ನು 180 ಮಾಡಿ. ಯಾರೂ ರೂತ್ ಕಡೆ ತಿರುಗಿಯೂ ನೋಡದಿದ್ದರೆ 220 ಮಾಡಿ.

ಒಬ್ಬ ಮನುಷ್ಯ, ಒಂದೇ ಸಲ

ಈ ಸಾಲು ಮರೆತರೆ 1920, 1921, 1927ರ ಮೂವರು ರೂತ್ ಒಂದೇ ಔಟ್‌ಫೀಲ್ಡಿನಲ್ಲಿ ನಿಲ್ಲುತ್ತಾರೆ. ಒಬ್ಬ ಆಟಗಾರ ಇಡೀ ಲೀಗಿನಲ್ಲಿ ಒಂದೇ ತಂಡದಲ್ಲಿ, ಒಂದೇ ಸೀಸನ್ನಾಗಿ ಇರಬೇಕು.

ಇದಕ್ಕೆ ನಾವೊಂದು ತಿರುವು ಸೇರಿಸಿದ್ದೇವೆ. ಡ್ರಾಫ್ಟಿನಲ್ಲಿ ಕರೆಯುವುದು ಹೆಸರು ಮಾತ್ರ. ಯಾವ ವರ್ಷ ಅನ್ನೋದನ್ನು ಡ್ರಾಫ್ಟ್ ಪೂರ್ತಿ ಮುಗಿದ ಮೇಲೆ ಮೂರು ದಿನದೊಳಗೆ ಹೇಳಬೇಕು. ಜೋ ಮಾರ್ಗನ್ ಸಿಕ್ಕರು ಅನ್ನಿ. 1975ರಲ್ಲಿ 17 ಹೋಮ್ ರನ್, 67 ಕದ್ದ ಬೇಸ್. 1976ರಲ್ಲಿ 27 ಹೋಮ್ ರನ್, 60 ಕದ್ದ ಬೇಸ್. 1975ರಲ್ಲಿ ಬೇಸ್ ತಲುಪಿದ್ದು ಜಾಸ್ತಿ. ನಿಮ್ಮ ಉಳಿದ ತಂಡ ಹೇಗಿದೆ, ಅಂಕ ಎಷ್ಟು ಉಳಿದಿದೆ ನೋಡಿಕೊಂಡು ಆರಿಸಿ. ಡ್ರಾಫ್ಟಿನ ಆಮೇಲಿನ ಆ ಮೂರು ದಿನ ನಮ್ಮ ಗುಂಪಿನಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡುವುದಿಲ್ಲ.

ದಶಕದ ಮಿತಿಯನ್ನೂ ಇಡಿ: ಒಂದೇ ದಶಕದಿಂದ ಐದಕ್ಕಿಂತ ಜಾಸ್ತಿ ಬೇಡ, ಕನಿಷ್ಠ ಏಳು ದಶಕದವರು ಇರಲಿ. ಲೆಕ್ಕದ ಸಮತೋಲಕ್ಕಿಂತ ಓದಿನ ಆಸೆಗೆ ಇದು ಬೇಕು. 1940ರ ದಶಕದಿಂದ ಅಗ್ಗದ ಸೆಕೆಂಡ್ ಬೇಸ್‌ಮನ್ ಹುಡುಕುತ್ತಾ ಹೋದಾಗಲೇ ಕೇಳದ ಹೆಸರುಗಳು ಸಿಗುವುದು.

ಬರೆದ ಮೇಲೆ ಮುರಿದು ನೋಡಿ

ಹಾಳೆ ಸಿದ್ಧವಾದ ಮೇಲೆ ಗುಂಪಿನಲ್ಲಿ ಲೆಕ್ಕದಲ್ಲಿ ಚುರುಕಾದವರೊಬ್ಬರಿಗೆ ಕೊಡಿ. "ಎರಡು ವಾರ ಟೈಮು, ಈ ನಿಯಮದಲ್ಲಿ ಎಷ್ಟು ಕೆಟ್ಟ ತಂಡ ಕಟ್ಟಬಹುದೋ ಕಟ್ಟಿ" ಅನ್ನಿ. ಕೆಟ್ಟ ಅಂದರೆ ನೋಡಿದರೆ ಇದು ಮೋಸ ಅನ್ನಿಸಬೇಕು, ಆದರೆ ನಿಯಮ ಮುರಿದಿರಬಾರದು. ನಮ್ಮಲ್ಲಿ ಈ ಕೆಲಸ ಸ್ಪೆನ್ಸರ್ ಅವರನ್ನು ಎತ್ತಿಕೊಂಡ ಅದೇ ಗೆಳೆಯರದು. 280 ಇನಿಂಗ್ಸಿನ ಬೇಲಿ, ಎಕರ್ಸ್ಲಿ ಸಾಲು ಎರಡೂ ಅವರು ಕಟ್ಟಿದ ತಂಡಗಳಿಂದಲೇ ಹುಟ್ಟಿದವು.

ಆ ತಂಡವನ್ನು ಸಮತೂಕದ ತಂಡವೊಂದರ ಎದುರು ಒಂದೆರಡು ಸಲ ಆಡಿಸಿದರೆ ಸಾಲದು. ಬೇಸ್‌ಬಾಲಿನಲ್ಲಿ ಅದೃಷ್ಟದ ಪಾಲು ದೊಡ್ಡದು. 2001ರಲ್ಲಿ 116 ಪಂದ್ಯ ಗೆದ್ದ ಸಿಯಾಟಲ್ ಮ್ಯಾರಿನರ್ಸ್ ಕೂಡ 46 ಸೋತರು, ವರ್ಲ್ಡ್ ಸೀರೀಸ್ ತಲುಪಲೇ ಇಲ್ಲ. ಕನಿಷ್ಠ 50 ಸೀಸನ್ ಆಡಿಸಿ. ಒಂದು ರಾತ್ರಿ ಕಂಪ್ಯೂಟರ್ ಬಿಟ್ಟು ಮಲಗಿದರೆ ಬೆಳಗ್ಗೆಗೆ ಆಗಿರುತ್ತದೆ. ಮೋಸದ ತಂಡ ಸರಾಸರಿ 100ಕ್ಕಿಂತ ಜಾಸ್ತಿ ಪಂದ್ಯ ಗೆಲ್ಲುತ್ತಿದ್ದರೆ ಎಲ್ಲೋ ತೂತಿದೆ ಅಂತ ಅರ್ಥ.

ತೂತು ಮುಚ್ಚುವಾಗ ಒಬ್ಬ ಆಟಗಾರನ ಹೆಸರು ಹಿಡಿದು ನಿಷೇಧ ಬರೆಯಬೇಡಿ. ಸ್ಪೆನ್ಸರ್ ಬೇಡ ಅಂತ ಬರೆದರೆ ನಾಳೆ ಹೇಜಲ್ ಬರುತ್ತಾರೆ. ಯಾವ ಅಂಕಿಯಿಂದ ಅವರು ನುಸುಳಿದರೋ ಆ ಅಂಕಿಗೆ ಮಿತಿ ಹಾಕಿ. ಹಾಗೆ ಹಾಕಿದ ಪ್ರತಿ ಮಿತಿಯ ಕೆಳಗೆ ಒಂದು ಸಾಲಿನ ಕಾರಣ ಬರೆಯಿರಿ, ಮುಂದಿನ ವರ್ಷ ಸೇರುವ ಹೊಸಬರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಡ್ರಾಫ್ಟಿಗೆ ಒಂದು ವಾರ ಮುಂಚೆ ಹಾಳೆಗೆ ಬೀಗ ಹಾಕಿ. ಆಮೇಲೆ ಸಿಗುವ ತೂತು ಎಷ್ಟೇ ದೊಡ್ಡದಿರಲಿ, ಆ ವರ್ಷ ಅದನ್ನು ಕಂಡುಹಿಡಿದವರಿಗೆ ಬಿಟ್ಟುಕೊಡಿ. ಸೀಸನ್ ಮುಗಿದ ಮೇಲೆ ಮತಕ್ಕೆ ಹಾಕಿ, ಹನ್ನೆರಡರಲ್ಲಿ ಎಂಟು ಕೈ ಎದ್ದರೆ ಬದಲಾವಣೆ. ಈ ಸಲ ನಮ್ಮಲ್ಲಿ ಮತಕ್ಕಿರುವುದು ಶುರುವಿನ ವರ್ಷ: 1920ರಲ್ಲೇ ಇರುವುದೋ, 1901ಕ್ಕೆ ಹೋಗುವುದೋ. 1908ರ ಹೋನಸ್ ವ್ಯಾಗ್ನರ್ ಅವರನ್ನು ಶಾರ್ಟ್‌ಸ್ಟಾಪಿನಲ್ಲಿ ನಿಲ್ಲಿಸುವ ಆಸೆಗೆ ನಾನು ಹೋಗೋಣ ಅಂತಲೇ ಕೈ ಎತ್ತುತ್ತೇನೆ.